‘ಆರ್‌ಟಿಐ ಹಾಕ್ಕೊಳ್ಳಿ’ ಅನ್ನುವುದು ಉತ್ತರವಲ್ಲ

ಹತ್ತು ಹನ್ನೆರಡು ವರ್ಷದ ಹಿಂದಿನ ಏಪ್ರಿಲ್. ಆಗ ನಾನು ತಾಲ್ಲೂಕು ವರದಿಗಾರ. ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಗ್ರಾಮ ಪಂಚಾಯಿತಿ ಕಚೇರಿಯ ಮುಂದೆ ಇಪ್ಪತ್ತು ಮೂವತ್ತು ಹೆಂಗಸರು ಖಾಲಿ ಕೊಡಗಳನ್ನು ಸಾಲಾಗಿ ಇಟ್ಟು ಕೂತಿದ್ದರು. ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಕೊಡಗಳು. ಒಂದೆರಡಕ್ಕೆ ತೂತು ಬಿದ್ದ ಜಾಗದಲ್ಲಿ ಸುಟ್ಟು ಮೆತ್ತಿದ ಗುರುತಿತ್ತು. ಒಂಬತ್ತು ದಿನದಿಂದ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಒಳಗೆ ಹೋಗಿ ನಾನು ಕೇಳಿದ್ದು ಮೂರೇ ಪ್ರಶ್ನೆ. ಕೊಳವೆಬಾವಿಯ ಮೋಟಾರು ಕೆಟ್ಟಿದ್ದು ಯಾವತ್ತು? ರಿಪೇರಿಗೆ ಕೊಟ್ಟಿದ್ದೀರಾ? ಅಲ್ಲಿಯವರೆಗೆ ಟ್ಯಾಂಕರ್ ಬಿಡುತ್ತೀರಾ?

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡತದಿಂದ ತಲೆ ಎತ್ತಲಿಲ್ಲ. ‘ಅದೆಲ್ಲ ಬಾಯಲ್ಲಿ ಹೇಳಕ್ಕಾಗಲ್ಲ ಸಾರ್. ಬೇಕಾದ್ರೆ ಆರ್‌ಟಿಐ ಹಾಕ್ಕೊಳ್ಳಿ’ ಎಂದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷೆಯ ಗಂಡ, ‘ಪೇಪರ್ನೋರು ಬಂದ್ ತಕ್ಷಣ ನೀರು ಬತ್ತದಾ?’ ಎಂದು ಮಾತು ಮುಗಿಸಿದರು.

ಹೊರಗೆ ಬೇವಿನ ಮರದ ಕೆಳಗೆ ನೀರುಗಂಟಿ ನಿಂತಿದ್ದ. ನಾನು ಕೇಳುವ ಮೊದಲೇ ಹೇಳಿದ: ‘ಮೋಟ್ರು ವೈಂಡಿಂಗ್‌ಗೆ ಹೋಗದೆ ಸಾ. ಹಳೇ ಬಾಕಿ ಕೊಡ್ದೆ ಮುಟ್ಟಲ್ಲ ಅಂತ ಅಂಗ್ಡಿಯೋರು ಕೂತವ್ರೆ.’ ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ ಅದನ್ನು ಕೇಳಿಸಿಕೊಂಡು ಎದ್ದು ನಿಂತರು. ‘ಈ ಮಾತ್ನ ಒಳಗಿರೋರು ಒಂಬತ್ತು ದಿನದ ಹಿಂದೇನೇ ಹೇಳಿದ್ರೆ ನಾವು ತ್ವಾಟದೋರ್ ಹತ್ರ ನೀರು ಕೇಳ್ಕಂಡು ಬದುಕ್ತಿದ್ವಲ್ಲಪ್ಪ, ದಿನಾ ನಲ್ಲಿ ಮುಂದೆ ಯಾಕೆ ಕಾಯ್ತಿದ್ವಿ?’ ಎಂದರು. ಮೋಟಾರು ಬಂದದ್ದು ಅದಾದ ನಾಲ್ಕು ದಿನಕ್ಕೆ. ನನ್ನ ವರದಿಯಿಂದ ಬಂತೋ, ತಾನಾಗಿ ಬಂತೋ ನಾನು ಹೇಳಲಾರೆ. ಆ ಹೆಂಗಸಿನ ಮಾತು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಕೋಣೆಯಲ್ಲಿ ಕೇಳಿದ್ದು ಒಬ್ಬ ಅಧಿಕಾರಿಯ ಒರಟುತನವಷ್ಟೇ ಆಗಿದ್ದರೆ ಅದನ್ನು ಇಲ್ಲಿ ಎತ್ತುತ್ತಿರಲಿಲ್ಲ. ಅದು ಇವತ್ತು ನಮ್ಮ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಒಪ್ಪಿತ ತಿಳಿವಳಿಕೆ. ಕೆಟ್ಟವರು ಮಾತ್ರವಲ್ಲ, ಪ್ರಾಮಾಣಿಕವಾಗಿ ಕೆಲಸ ಮಾಡುವ ಸದಸ್ಯರೂ ಅಧಿಕಾರಿಗಳೂ ಅದನ್ನು ನಂಬಿದ್ದಾರೆ. ವರದಿಗಾರನ ಪ್ರಶ್ನೆಗೆ ಉತ್ತರ ಕೊಡುವುದು ಆಡಳಿತದ ಕೆಲಸಕ್ಕೆ ಸೇರಿದ್ದಲ್ಲ, ಮನಸ್ಸಿದ್ದರೆ ಮಾಡಬಹುದಾದ ಉಪಕಾರ ಎಂಬುದು ಆ ತಿಳಿವಳಿಕೆ. ಅದಕ್ಕೆ ಆಸರೆಯಾಗಿ ಐದಾರು ಮಾತುಗಳಿವೆ. ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಹಾಕಲಿ. ಗ್ರಾಮಸಭೆ ಇದೆ, ಅಲ್ಲಿ ಬಂದು ಕೇಳಲಿ. ಪತ್ರಕರ್ತನಿಗೆ ಕಾನೂನಿನಲ್ಲಿ ವಿಶೇಷ ಹಕ್ಕೇನೂ ಇಲ್ಲ. ಸ್ಥಳೀಯ ವರದಿಗಾರರೆಲ್ಲ ವಸೂಲಿಗೆ ಬರುವವರು. ಊರಿನ ಹುಳುಕು ಪೇಪರಿಗೆ ಹೋದರೆ ಊರ ಮಾನ ಹೋಗುತ್ತದೆ. ಹೇಳಬೇಕಾದ್ದನ್ನು ನಾವೇ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ.

ಈ ಮಾತುಗಳು ಕೇಳಲು ನ್ಯಾಯವಾಗಿಯೇ ಕಾಣುತ್ತವೆ. ಆದ್ದರಿಂದಲೇ ಇವುಗಳನ್ನು ಎದುರಿಸಬೇಕು. ಈ ನಂಬಿಕೆ ತಪ್ಪು, ಮತ್ತು ಆ ತಪ್ಪಿಗೆ ದಂಡ ತೆರುತ್ತಿರುವವರು ಖಾಲಿ ಕೊಡ ಹಿಡಿದವರು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ‘ಆರ್‌ಟಿಐ ಹಾಕ್ಕೊಳ್ಳಿ’ಯನ್ನೇ ಮೊದಲು ನೋಡೋಣ. ಈ ಕಾಯ್ದೆ ಎಲ್ಲಿ ಹುಟ್ಟಿತು ಎಂಬುದನ್ನು ನಾವು ಮರೆತಿದ್ದೇವೆ. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿದರು. ಪಂಚಾಯಿತಿ ಕಾಮಗಾರಿಯ ಕೂಲಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದದ್ದು ಜನರ ಕಿವಿಗೆ ಬಿತ್ತು. ನಮ್ಮ ಹಣ, ನಮ್ಮ ಲೆಕ್ಕ ಎಂಬ ಕೂಗು ಎದ್ದದ್ದು ಆ ಚಳವಳಿಯಲ್ಲಿ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ನಲವತ್ತು ದಿನ ಧರಣಿ ಕೂತರು. ಹಿಂದಿಯ ‘ಜನಸತ್ತಾ’ ಪತ್ರಿಕೆಯ ಪ್ರಭಾಷ್ ಜೋಶಿ ಅವರ ಬೆಂಬಲಕ್ಕೆ ನಿಂತರು. ಅಲ್ಲಿಂದ ಒಂಬತ್ತು ವರ್ಷಕ್ಕೆ, 2005ರಲ್ಲಿ, ಕಾಯ್ದೆ ಬಂತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಒಂದು ಪಂಚಾಯಿತಿಯ ಲೆಕ್ಕವನ್ನು ಊರವರು ಬಾಯಿ ತೆರೆದು ಕೇಳಿದ್ದರಿಂದ ಹುಟ್ಟಿದ ಕಾನೂನನ್ನು, ಬಾಯಿ ತೆರೆದು ಕೇಳಿದವರನ್ನು ಹೊರಗೆ ಕಳಿಸಲು ಪಂಚಾಯಿತಿಯೇ ಬಳಸುತ್ತಿದೆ. ಇದಕ್ಕಿಂತ ದೊಡ್ಡ ಅಪಚಾರ ಆ ಕಾಯ್ದೆಗೆ ಇನ್ನೊಂದಿಲ್ಲ.

ಕಾಯ್ದೆಯ ಒಳಗೇ ಏನಿದೆ ನೋಡಿ. ಅದರ ನಾಲ್ಕನೇ ಸೆಕ್ಷನ್, ಸಾರ್ವಜನಿಕ ಸಂಸ್ಥೆಯೊಂದು ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ವಿವರಗಳನ್ನು ಪಟ್ಟಿ ಮಾಡಿದೆ. ಆಯವ್ಯಯ, ಯೋಜನೆಗಳ ಫಲಾನುಭವಿಗಳು, ನೌಕರರ ಸಂಬಳ, ತೀರ್ಮಾನ ಕೈಗೊಳ್ಳುವ ಕ್ರಮ ಎಲ್ಲವೂ ಅದರಲ್ಲಿವೆ. ಜನ ಈ ಕಾಯ್ದೆಯ ಮೊರೆಹೋಗುವ ಅಗತ್ಯವೇ ಆದಷ್ಟು ಕಡಿಮೆಯಾಗುವಂತೆ ತಾವಾಗಿಯೇ ಮಾಹಿತಿ ಕೊಡುತ್ತಿರಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ತೀರ್ಮಾನದಿಂದ ತೊಂದರೆಗೊಳಗಾದವರಿಗೆ ಕಾರಣ ತಿಳಿಸಬೇಕು ಎಂದೂ ಇದೆ. ಅರ್ಜಿ ಎನ್ನುವುದು ಕೊನೆಯ ದಾರಿಯಾಗಲಿ ಎಂದು ಬರೆದವರು ಬಯಸಿದ್ದರು. ನಮ್ಮವರು ಅದನ್ನು ಮೊದಲ ಬಾಗಿಲಲ್ಲೇ ತಂದು ನಿಲ್ಲಿಸಿದ್ದಾರೆ.

ಹೋಗಲಿ, ಅರ್ಜಿ ಹಾಕಿದಿರಿ ಎಂದುಕೊಳ್ಳಿ. ಹತ್ತು ರೂಪಾಯಿ ಶುಲ್ಕ ಕಟ್ಟಿದಿರಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದ ಒಳಗೆ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೆ ಮತ್ತೆ 30 ದಿನ, ಕಾರಣ ಕೊಟ್ಟು 45 ದಿನದವರೆಗೂ ಎಳೆಯಬಹುದು. ಆಮೇಲೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ಇಷ್ಟೇ ದಿನದಲ್ಲಿ ತೀರ್ಮಾನವಾಗಬೇಕು ಎಂಬ ಗಡುವನ್ನು ಕಾಯ್ದೆ ಹಾಕಿಲ್ಲ. ಏಪ್ರಿಲ್‌ನಲ್ಲಿ ಕೆಟ್ಟ ಮೋಟಾರಿನ ಪ್ರಶ್ನೆಗೆ ಮುಂಗಾರು ಕಳೆದು ಹಿಂಗಾರು ಬಂದ ಮೇಲೆ ಉತ್ತರ ಸಿಕ್ಕರೆ ಅದನ್ನು ಇಟ್ಟುಕೊಂಡು ಯಾರು ಏನು ಮಾಡಬೇಕು? ಹಿಂದೆ ಆದ ಕಾಮಗಾರಿಯ ಬಿಲ್ಲು, ಅಳತೆ ಪುಸ್ತಕ, ಟೆಂಡರಿನ ದಾಖಲೆ ಬೇಕೆಂದಾಗ ಅರ್ಜಿ ಸರಿ, ಅದಕ್ಕೆ ಬೆಲೆಯೂ ಇದೆ. ಇವತ್ತು ಸಂಜೆ ನೀರು ಬರುತ್ತದೆಯೇ ಎಂಬ ಪ್ರಶ್ನೆಗೆ ಇವತ್ತು ಸಂಜೆಯೊಳಗೇ ಉತ್ತರ ಸಿಗಬೇಕು.

ಪತ್ರಕರ್ತನಿಗೇನು ಕೊಂಬಿದೆಯೇ ಎಂಬುದು ಎರಡನೇ ವಾದ. ಇಲ್ಲ, ನಿಜ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆಂದು ಬೇರೆ ಹಕ್ಕಿಲ್ಲ. 19ನೇ ವಿಧಿಯಲ್ಲಿ ಎಲ್ಲ ನಾಗರಿಕರಿಗೆ ಇರುವ ಮಾತಿನ ಹಕ್ಕೇ ವರದಿಗಾರನಿಗೂ ಇರುವುದು. ಈ ಮಾತನ್ನು ಎದುರಾಳಿಗಳು ತಮ್ಮ ಗೆಲುವೆಂದು ಹೇಳುತ್ತಾರೆ. ನನಗೆ ಅದು ನಮ್ಮ ಪಕ್ಷದ ಅತ್ಯಂತ ಬಲವಾದ ಮಾತು. ಅವನಿಗೆ ತನ್ನದೆಂಬ ಹಕ್ಕಿಲ್ಲದಿದ್ದರೆ ಅವನು ತಂದ ಪ್ರಶ್ನೆ ಯಾರದು? ಕೂಲಿಗೆ ಹೋಗುವ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಪಂಚಾಯಿತಿಗೆ ಬರಬೇಕು. ಬಂದರೆ ‘ಸಾಹೇಬ್ರು ಮೀಟಿಂಗ್‌ಗೆ ತಾಲ್ಲೂಕಿಗೆ ಹೋಗವ್ರೆ’ ಎಂಬ ಉತ್ತರ. ಮತ್ತೊಂದು ದಿನದ ಕೂಲಿಯೂ ಹೋಯಿತು. ಮೂರನೇ ಸಲ ಆಕೆ ಬರುವುದಿಲ್ಲ. ಆಕೆಯ ಬದಲು ಹೋಗಿ ಕೇಳಿ, ಉತ್ತರವನ್ನು ಮಾರನೇ ಬೆಳಗ್ಗೆ ಚಹಾದ ಅಂಗಡಿಯ ಬೆಂಚಿನ ಮೇಲೆ ಇಡುವುದು ವರದಿಗಾರನ ಕೆಲಸ. ಅವನನ್ನು ವಾಪಸ್ ಕಳಿಸಿದರೆ ಆಕೆಯನ್ನು ಮೂರನೇ ಸಲ ವಾಪಸ್ ಕಳಿಸಿದಂತೆ.

ಈ ಜಗಳ ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ, ಹೊಸದೂ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಟೆನ್ಬಿ ಎಂಬ ಕಡಲ ತೀರದ ಪುಟ್ಟ ಊರಿದೆ. ಅಲ್ಲಿನ ಪುರಸಭೆಗೆ ‘ಟೆನ್ಬಿ ಅಬ್ಸರ್ವರ್’ ಎಂಬ ಊರ ಪತ್ರಿಕೆಯ ಮೇಲೆ ಸಿಟ್ಟು. ಸಂಪಾದಕ ಫ್ರಾಂಕ್ ಮೇಸನ್‌ನನ್ನು ಸಭೆಗೆ ಬಾರದಂತೆ ತಡೆಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1908ರಲ್ಲಿ ನ್ಯಾಯಾಲಯ ಪುರಸಭೆಯ ಪರ ತೀರ್ಪು ಕೊಟ್ಟಿತು. ಸಭೆಯಲ್ಲಿ ಕೂರುವ ಹಕ್ಕು ಪತ್ರಕರ್ತನಿಗಿಲ್ಲ ಎಂದಿತು. ಮೇಸನ್ ಸೋತ. ಆದರೆ ಅದೇ ವರ್ಷ ಬ್ರಿಟಿಷ್ ಸಂಸತ್ತು ಸ್ಥಳೀಯ ಸಂಸ್ಥೆಗಳ ಸಭೆಗೆ ಪತ್ರಿಕೆಯವರನ್ನು ಬಿಡಲೇಬೇಕೆಂದು ಕಾನೂನು ಮಾಡಿತು. ಕೌನ್ಸಿಲ್‌ಗಳು ಸುಮ್ಮನಿರಲಿಲ್ಲ. ಇಡೀ ಕೌನ್ಸಿಲ್ಲೇ ‘ಸಮಿತಿ’ಯಾಗಿ ಕೂತು, ಇದು ಸಭೆಯಲ್ಲ ಸಮಿತಿ ಎಂದು ಬಾಗಿಲು ಹಾಕುವ ಉಪಾಯ ಹುಡುಕಿದವು. ಮೊದಲ ಸಲ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್ 1960ರಲ್ಲಿ ತಂದ ಖಾಸಗಿ ಮಸೂದೆ ಆ ಕಂಡಿಯನ್ನು ಮುಚ್ಚಿತು, ಪತ್ರಿಕೆಯವರ ಜೊತೆಗೆ ಸಾಮಾನ್ಯ ಜನರಿಗೂ ಬಾಗಿಲು ತೆರೆಯಿತು. ಆಕೆಯ ಮುಂದಿನ ರಾಜಕಾರಣವನ್ನು ಒಪ್ಪದವನು ನಾನು. ಆ ಕಾಯ್ದೆಯ ಮಟ್ಟಿಗೆ ಆಕೆ ಮಾಡಿದ್ದು ಸರಿ.

ಅದೇ 1908ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲೂ ಪತ್ರಿಕೆಗಳ ಬಗ್ಗೆ ಒಂದು ಕಾನೂನು ಬಂತು. ದಿವಾನ್ ವಿ.ಪಿ. ಮಾಧವರಾಯರ ಕಾಲ. ಆ ಕಾನೂನು ಬಾಗಿಲು ತೆರೆಯಲು ಬಂದದ್ದಲ್ಲ, ಪತ್ರಿಕೆ ನಡೆಸುವುದನ್ನೇ ಸರ್ಕಾರದ ಹಿಡಿತಕ್ಕೆ ತರಲು ಬಂದದ್ದು. ಮೈಸೂರಿನ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರಂಥವರು ಅದನ್ನು ಪ್ರತಿಭಟಿಸಿದರು. ಒಂದೇ ವರ್ಷ, ಎರಡು ಊರು, ಎರಡು ದಾರಿ. ಸ್ವಾತಂತ್ರ್ಯ ಬಂದು, ಸಂವಿಧಾನ ಬಂದು, ಪಂಚಾಯತ್ ರಾಜ್ ಬಂದ ಮೇಲೂ ನಮ್ಮ ಕಚೇರಿಗಳ ಮನಸ್ಸು ಆ ಎರಡನೇ ದಾರಿಯಲ್ಲೇ ನಿಂತಿರುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಮಾನದ ಮಾತಿಗೆ ಬರೋಣ. ‘ಹಿಂಗೆಲ್ಲ ಬರೆದ್ರೆ ಪಂಚಾಯ್ತಿ ಕಡೆಯಿಂದ ಮಾನನಷ್ಟ ಹಾಕ್ತೀವಿ’ ಎಂಬ ಬೆದರಿಕೆ ಕೇಳದ ತಾಲ್ಲೂಕು ವರದಿಗಾರನಿಲ್ಲ. ಅದು ಟೊಳ್ಳು ಬೆದರಿಕೆ. 1994ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಸರ್ಕಾರವಾಗಲಿ, ಸ್ಥಳೀಯ ಸಂಸ್ಥೆಯಾಗಲಿ, ಆಡಳಿತದ ಅಧಿಕಾರ ಚಲಾಯಿಸುವ ಇನ್ನಾವುದೇ ಅಂಗವಾಗಲಿ ತನ್ನ ಮಾನನಷ್ಟವಾಯಿತೆಂದು ಪರಿಹಾರದ ದಾವೆ ಹೂಡುವಂತಿಲ್ಲ. ಆ ತೀರ್ಪಿಗೆ ಆಧಾರವಾಗಿ ಬಂದವುಗಳಲ್ಲಿ ಒಂದು ಬ್ರಿಟನ್ನಿನದೇ ಇನ್ನೊಂದು ಪ್ರಕರಣ. ಡರ್ಬಿಶೈರ್ ಕೌಂಟಿ ಕೌನ್ಸಿಲ್ ತನ್ನ ಪಿಂಚಣಿ ನಿಧಿಯ ಹೂಡಿಕೆಗಳ ಬಗ್ಗೆ ಬರೆದ ‘ಸಂಡೇ ಟೈಮ್ಸ್’ ಪತ್ರಿಕೆಯ ಮೇಲೆ ದಾವೆ ಹೂಡಿತ್ತು. ಚುನಾಯಿತ ಸಂಸ್ಥೆ ಯಾವ ಅಡ್ಡಿಯೂ ಇಲ್ಲದ ಟೀಕೆಗೆ ತೆರೆದಿರಬೇಕು ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 1993ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು. ವ್ಯಕ್ತಿಯ ಮಾನ ಬೇರೆ. ಸುಳ್ಳು ಬರೆದು ಅದನ್ನು ಕಳೆದವನು ಕಾನೂನಿಗೆ ಉತ್ತರ ಕೊಡಬೇಕು. ಪಂಚಾಯಿತಿ ವ್ಯಕ್ತಿಯಲ್ಲ. ಊರಿನ ಮಾನ ಇರುವುದು ಅದರ ಚರಂಡಿಯಲ್ಲಿ, ಅಂಗನವಾಡಿಯಲ್ಲಿ, ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ. ಅವು ಸರಿಯಿಲ್ಲದೆ ಬಾಯಿ ಮುಚ್ಚಿಸಿ ಉಳಿಸಿಕೊಳ್ಳುವ ಮಾನವನ್ನು ಯಾವ ಊರಿನವರೂ ಕೇಳಿಲ್ಲ.

ವಸೂಲಿಯ ಆರೋಪವನ್ನು ತಳ್ಳಿಹಾಕಿ ಮುಂದೆ ಹೋಗಲಾರೆ. ಅದು ನನ್ನ ವೃತ್ತಿಯ ಮೇಲಿನ ಕಲೆ. ಕೊರಳಿಗೆ ಕಾರ್ಡು ನೇತುಹಾಕಿಕೊಂಡು, ವರ್ಷಕ್ಕೆ ನಾಲ್ಕು ಸಂಚಿಕೆಯೂ ಹೊರಬಾರದ ಪತ್ರಿಕೆಯ ಹೆಸರಿನಲ್ಲಿ ಬಂದು, ‘ಸ್ವಾತಂತ್ರ್ಯ ದಿನದ ಜಾಹೀರಾತು ಕೊಡಿ, ಇಲ್ಲಾಂದ್ರೆ ನರೇಗಾ ಫೈಲು ತೆಗೀತೀವಿ’ ಎನ್ನುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಂದ ಪಿಡಿಒಗಳು ಪಡುವ ಪಾಡು ನಿಜ. ಆದರೆ ಅಂಥವನ ಬಂಡವಾಳ ಏನೆಂದು ಒಂದು ಗಳಿಗೆ ಯೋಚಿಸಿ. ಮುಚ್ಚಿಟ್ಟ ಕಡತವೇ ಅವನ ಬಂಡವಾಳ. ಕಾಮಗಾರಿಯ ಮೊತ್ತ, ಗುತ್ತಿಗೆದಾರನ ಹೆಸರು, ಬಿಲ್ಲು ಪಾವತಿಯಾದ ದಿನಾಂಕ ಪಂಚಾಯಿತಿಯ ಗೋಡೆಯ ಮೇಲೆ ಇದ್ದರೆ, ಕೇಳಿದವರಿಗೆಲ್ಲ ಅದೇ ಉತ್ತರ ಒಂದೇ ಬಗೆಯಲ್ಲಿ ಸಿಕ್ಕರೆ, ಅವನು ಮಾರಲು ತಂದ ಸರಕಿಗೆ ಕೊಳ್ಳುವವರೇ ಇರುವುದಿಲ್ಲ. ಮೌನ ಪ್ರಾಮಾಣಿಕ ವರದಿಗಾರನನ್ನು ಬರಿಗೈಯಲ್ಲಿ ಕಳಿಸುತ್ತದೆ, ವಸೂಲಿಯವನಿಗೆ ದಾರಿ ಮಾಡಿಕೊಡುತ್ತದೆ. ಬೆದರಿಸಿದವನ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ, ನಾವು ನಿಮ್ಮ ಜೊತೆ ಇರುತ್ತೇವೆ. ಅವನನ್ನು ತೋರಿಸಿ ಉಳಿದವರಿಗೆಲ್ಲ ಬಾಗಿಲು ಹಾಕಬೇಡಿ.

ಹಳ್ಳಿಯ ಸುದ್ದಿ ತರುವವರಲ್ಲಿ ಹೆಚ್ಚಿನವರು ಅರೆಕಾಲಿಕರು. ಬೆಳಗ್ಗೆ ಪತ್ರಿಕೆ ಹಂಚಿ, ಮಧ್ಯಾಹ್ನ ಜೆರಾಕ್ಸ್ ಅಂಗಡಿ ನೋಡಿಕೊಂಡು, ನಡುವೆ ಸುದ್ದಿಗೆ ಓಡುವವರು. ಅವರ ವರದಿಯ ಕೊನೆಯ ಸಾಲನ್ನು ನೀವೂ ಓದಿರುತ್ತೀರಿ: ‘ಪ್ರತಿಕ್ರಿಯೆಗಾಗಿ ಪಿಡಿಒ ಅವರನ್ನು ಸಂಪರ್ಕಿಸಿದಾಗ ಅವರು ಕರೆ ಸ್ವೀಕರಿಸಲಿಲ್ಲ.’ ಈ ಸಾಲು ಎಷ್ಟು ರೂಢಿಯಾಗಿದೆಯೆಂದರೆ ನಾವೂ ಅದನ್ನು ಅಚ್ಚು ಹಾಕಿ ಸುಮ್ಮನಾಗಿಬಿಟ್ಟಿದ್ದೇವೆ. ಅದರಲ್ಲಿ ಪತ್ರಿಕೆಗಳ ತಪ್ಪೂ ಇದೆ. ಒಂದು ಸಲ ಕರೆ ಮಾಡಿ ಬಿಟ್ಟರೆ ಪ್ರಶ್ನೆ ಕೇಳಿದಂತೆ ಆಗುವುದಿಲ್ಲ.

ಇನ್ನು ಗ್ರಾಮಸಭೆ. 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದ ಸ್ಥಾನ ಕೊಟ್ಟಿತು, ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ವಾರ್ಡ್ ಸಭೆ, ಗ್ರಾಮಸಭೆಗಳನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕೆಂದು ಹೇಳುತ್ತದೆ. ಅಲ್ಲಿ ಬಂದು ಕೇಳಲಿ ಎನ್ನುವವರು ಒಂದು ಸಲ ಅಲ್ಲಿ ಕೂತು ನೋಡಬೇಕು. ಎಷ್ಟೋ ಕಡೆ ಡಂಗುರವಿಲ್ಲ, ಚೀಟಿಯಿಲ್ಲ. ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಹಿಂದೆ ಮನೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಬಂದವರು. ಇಲಾಖೆಗಳವರು ಒಬ್ಬೊಬ್ಬರಾಗಿ ಯೋಜನೆಗಳ ಹೆಸರು ಓದುತ್ತಾರೆ. ಪ್ರಶ್ನೆ ಬರುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ. ಕೆಲವು ಕಡೆ ಆ ಸಭೆಯೂ ನಡೆಯುವುದಿಲ್ಲ. ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಚೆನ್ನಾಗಿ ನಡೆದ ಗ್ರಾಮಸಭೆಗಳನ್ನೂ ಕಂಡಿದ್ದೇನೆ. ಜನ ಎದ್ದು ನಿಂತು ಕ್ರಿಯಾಯೋಜನೆಯ ಸಾಲು ಸಾಲನ್ನೂ ಪ್ರಶ್ನಿಸಿದ ಸಭೆಗಳವು. ಅಂಥಲ್ಲಿ ವರದಿಗಾರನಿಗೂ ಕುರ್ಚಿ ಹಾಕಿರುತ್ತಾರೆ. ಊರವರ ಪ್ರಶ್ನೆಗೆ ಹೆದರದ ಪಂಚಾಯಿತಿ ಪತ್ರಿಕೆಗೂ ಹೆದರುವುದಿಲ್ಲ. ಈ ಎರಡು ಗುಣ ಬೇರೆ ಬೇರೆಯಾಗಿ ಇದ್ದದ್ದನ್ನು ನಾನು ನೋಡಿಲ್ಲ.

ವಾಟ್ಸಾಪ್ ಗುಂಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು’ ಎಂಬ ಗುಂಪು ಪ್ರಕಟಣೆಯ ಫಲಕ, ಸಂವಾದವಲ್ಲ. ಗಿಡ ನೆಟ್ಟ ಫೋಟೊ, ಜಯಂತಿಯ ಹಾರದ ಫೋಟೊ ಅಲ್ಲಿರುತ್ತದೆ. ಮೋಟಾರಿನ ಬಾಕಿ ಇರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆಯದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ. 1983ರ ಪಂಚಾಯಿತಿ ಕಾಯ್ದೆಯಲ್ಲೇ ಶೇ 25ರಷ್ಟು ಮೀಸಲು ಇಟ್ಟ ರಾಜ್ಯ ನಮ್ಮದು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್ ಅಧಿಕಾರವನ್ನು ಹಳ್ಳಿಗೆ ಇಳಿಸಲು ಹೋರಾಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆಯಾಗುವಂತೆ ಮಾಡಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದದ್ದು ಊರೂರಿಗೆ ಕೊಳವೆಬಾವಿ ತಂದದ್ದಕ್ಕೆ. ಇಷ್ಟೆಲ್ಲ ಆದ ಮೇಲೂ ಅಧ್ಯಕ್ಷೆಯ ನಂಬರಿಗೆ ಫೋನ್ ಮಾಡಿದರೆ ಗಂಡ ಎತ್ತುತ್ತಾನೆ. ‘ಏನಿದ್ರೂ ನನ್ಹತ್ರ ಹೇಳಿ’ ಎನ್ನುತ್ತಾನೆ. ವರದಿಗಾರರಾದ ನಾವೂ ಅನುಕೂಲಕ್ಕೆಂದು ಅವನ ಹೇಳಿಕೆಯನ್ನೇ ‘ಅಧ್ಯಕ್ಷರು ತಿಳಿಸಿದರು’ ಎಂದು ಬರೆದಿದ್ದೇವೆ. ನಾನೂ ಬರೆದಿದ್ದೇನೆ. ಅದು ಅನ್ಯಾಯ.

ಒಮ್ಮೆ ಹಟ ಹಿಡಿದು ಬೇರೊಂದು ಪಂಚಾಯಿತಿಯಲ್ಲಿ ಅಧ್ಯಕ್ಷೆಯನ್ನೇ ಕೇಳಿದೆ. ಗಂಡ ಬಾಯಿ ಹಾಕಲು ಬಂದಾಗ, ‘ಅವರನ್ನೇ ಕೇಳ್ತಿದೀನಿ ಅಣ್ಣ, ಅವರೇ ಹೇಳ್ಲಿ’ ಎಂದೆ. ಆಕೆ ಮೊದಲು ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತರು. ಆಮೇಲೆ ಶುರು ಮಾಡಿದರು. ಯಾವ ಬೀದಿಯ ನಲ್ಲಿಗೆ ಎಷ್ಟು ಹೊತ್ತು ನೀರು ಬರುತ್ತದೆ, ಟ್ಯಾಂಕಿನ ಏಣಿಯ ಮೂರು ಮೆಟ್ಟಿಲು ತುಕ್ಕು ಹಿಡಿದು ಬಿದ್ದಿರುವುದರಿಂದ ನೀರುಗಂಟಿ ಹತ್ತಿ ತೊಳೆಯಲು ಹೆದರುತ್ತಾನೆ, ಕೆಳಗೇರಿಯ ವಾಲ್ವನ್ನು ಯಾರೋ ಮಣ್ಣು ಮುಚ್ಚಿದ್ದಾರೆ. ನೀರು ಹೊತ್ತು ಬೆಳೆದ ಹೆಂಗಸಿಗೆ ಮಾತ್ರ ಗೊತ್ತಿರುವ ವಿವರಗಳು ಒಂದೊಂದಾಗಿ ಬಂದವು. ಅಲ್ಲಿದ್ದ ಸದಸ್ಯರೂ ಪಿಡಿಒ ಕೂಡ ಆಕೆಯ ಕಡೆ ತಿರುಗಿ ಕೇಳಿಸಿಕೊಂಡರು. ಹೊರಗಿನವನೊಬ್ಬ ನೇರವಾಗಿ ಕೇಳಿದ ಪ್ರಶ್ನೆ ಆಕೆಯನ್ನು ಆ ಕುರ್ಚಿಯಲ್ಲಿ ಕೂರಿಸಿತು. ಪತ್ರಿಕೆಯವರನ್ನು ದೂರವಿಡಿ ಎನ್ನುವವರು ಇಂಥ ಎಷ್ಟು ಹೆಂಗಸರ ಬಾಯಿಗೆ ಅದೇ ಬೀಗ ಹಾಕುತ್ತಿದ್ದಾರೆ ಎಂಬುದನ್ನು ಯೋಚಿಸಲಿ.

ಅಧಿಕಾರಿಗಳ ಭಯ ನನಗೆ ಅರ್ಥವಾಗುತ್ತದೆ. ಒಬ್ಬ ಪಿಡಿಒಗೆ ಎರಡು ಪಂಚಾಯಿತಿಯ ಪ್ರಭಾರ, ಮೇಲಿನಿಂದ ದಿನಕ್ಕೊಂದು ವರದಿ ಕಳಿಸಿ ಎಂಬ ಒತ್ತಡ, ಒಂದು ಮಾತು ಹೆಚ್ಚು ಕಡಿಮೆಯಾದರೆ ಶಾಸಕರ ಮನೆಯಿಂದ ಫೋನು. ಸರ್ಕಾರಿ ನೌಕರರ ನಡತೆ ನಿಯಮ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ತಡೆಯುತ್ತದೆ, ನಿಜ. ಆದರೆ ಮೋಟಾರು ವೈಂಡಿಂಗ್‌ಗೆ ಹೋಗಿದೆ ಎಂದು ಹೇಳುವುದು ಟೀಕೆಯಲ್ಲ. ಚುನಾಯಿತ ಅಧ್ಯಕ್ಷರು ಸರ್ಕಾರಿ ನೌಕರರೇ ಅಲ್ಲ, ಅವರ ಬಾಯಿಗೆ ಆ ನಿಯಮ ಅಡ್ಡಬರುವುದೂ ಇಲ್ಲ. ಹೀಗಿದ್ದೂ ಅಧ್ಯಕ್ಷರು ‘ಪಿಡಿಒನ ಕೇಳಿ’ ಎನ್ನುತ್ತಾರೆ, ಪಿಡಿಒ ‘ಇಒ ಸಾಹೇಬ್ರನ್ನ ಕೇಳಿ’ ಎನ್ನುತ್ತಾರೆ, ತಾಲ್ಲೂಕು ಪಂಚಾಯಿತಿಯ ಇಒ ‘ಜಿಲ್ಲಾ ಪಂಚಾಯಿತಿ ಸಿಇಒ ಅನುಮತಿ ಬೇಕು’ ಎನ್ನುತ್ತಾರೆ. ಊರಿನ ನಲ್ಲಿಯ ಪ್ರಶ್ನೆ ಜಿಲ್ಲಾ ಕೇಂದ್ರದವರೆಗೆ ಹೋಗುವುದಾದರೆ ಅಧಿಕಾರ ವಿಕೇಂದ್ರೀಕರಣ ಎಂದು ನಾವು ಕರೆಯುತ್ತಿರುವುದಾದರೂ ಯಾವುದನ್ನು?

ಉತ್ತರ ತಡವಾದರೆ ಏನಾಗುತ್ತದೆ ಎಂಬುದು ಬರೀ ವಾದದ ವಿಷಯವಲ್ಲ. 2022ರ ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ರಾಯಚೂರಿನಲ್ಲಿ ನಗರಸಭೆ ಬಿಟ್ಟ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ನೀರು ಶುದ್ಧೀಕರಣ ಘಟಕದ ಸ್ಥಿತಿ ಊರ ತುಂಬ ಚರ್ಚೆಯಾದದ್ದು ಜೀವ ಹೋದ ಮೇಲೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಕಥೆ ಮರುಕಳಿಸಿತು, ಕಲುಷಿತ ನೀರಿಗೆ ಬಡವರು ಬಲಿಯಾದರು. ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವತ್ತು, ನೀರಿನ ಮಾದರಿ ಪರೀಕ್ಷೆಗೆ ಹೋದದ್ದು ಯಾವತ್ತು, ಪೈಪು ಚರಂಡಿಯೊಳಗೆ ಹಾದುಹೋಗುವ ಜಾಗಗಳು ಎಷ್ಟು — ಇವು ಯಾವ ಊರಿನಲ್ಲಾದರೂ ಪ್ರತಿ ತಿಂಗಳು ಕೇಳಬೇಕಾದ, ಪ್ರತಿ ತಿಂಗಳು ಉತ್ತರ ಸಿಗಬೇಕಾದ ಪ್ರಶ್ನೆಗಳು. ಸಾವಿನ ಮರುದಿನ ಸಚಿವರ ಪತ್ರಿಕಾಗೋಷ್ಠಿಯಲ್ಲಿ ಸಿಗುವ ಉತ್ತರದಿಂದ ಯಾರೂ ಬದುಕಿ ಬರುವುದಿಲ್ಲ.

ದೊಡ್ಡ ಊರುಗಳ ಸ್ಥಿತಿ ಇನ್ನೂ ಕೆಟ್ಟದ್ದು. ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆಯಾಗಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು, ಆಡಳಿತ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಅವೂ ವರ್ಷಗಟ್ಟಲೆ ಹಾಗೇ ಉಳಿದವು. ಕೇಳಲು ಸದಸ್ಯನೇ ಇಲ್ಲದ ಕಡೆ ವರದಿಗಾರ ಯಾರ ಮುಂದೆ ನಿಲ್ಲಬೇಕು? ಪತ್ರಿಕೆಗೆ ಉತ್ತರಿಸುವುದು ಉಪಕಾರ ಎಂಬ ನಂಬಿಕೆ ಬೇರೂರಿದ ನಾಡಿನಲ್ಲಿ, ಉತ್ತರಿಸಬೇಕಾದವರನ್ನು ಆರಿಸುವುದೇ ಉಪಕಾರವಾಗಿಬಿಟ್ಟಿದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಸಾಮಾನ್ಯ ಸಭೆ ಮುಗಿದ ಮೇಲೆ ಅಧ್ಯಕ್ಷರೂ ಪಿಡಿಒ ಕೂಡ ಅರ್ಧ ಗಂಟೆ ಅದೇ ಕೋಣೆಯಲ್ಲಿ ಕೂತಿರಲಿ, ಬಂದ ವರದಿಗಾರರಿಗೂ ಊರವರಿಗೂ ಉತ್ತರಿಸಲಿ. ಆವತ್ತಿನ ಠರಾವುಗಳ ಪ್ರತಿ ಕೈಗೆ ಸಿಗಲಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ತಿಳಿದು ಹೇಳುತ್ತೇನೆ’ ಎನ್ನಲಿ. ಆ ಮಾತನ್ನು ಗೌರವದಿಂದ ಬರೆಯುವುದು ನಮ್ಮ ಹೊಣೆ. ಇಷ್ಟಕ್ಕೆ ಹೊಸ ಕಾಯ್ದೆ ಬೇಡ, ಸುತ್ತೋಲೆ ಬೇಡ, ಅನುದಾನವೂ ಬೇಡ. ಒಂದು ಪಂಚಾಯಿತಿ ತಾನಾಗಿ ಠರಾವು ಮಾಡಿಕೊಂಡರೆ ಸಾಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಂಚಾಯಿತಿಯ ಅಥವಾ ವಾರ್ಡಿನ ಮುಂದಿನ ಸಭೆ ಯಾವತ್ತು ಎಂದು ನಾಳೆಯೇ ವಿಚಾರಿಸಿ. ಆ ದಿನ ನಿಮ್ಮೂರಿನ ವರದಿಗಾರನ ಜೊತೆ ನೀವೂ ಹೋಗಿ ಕುಳಿತುಕೊಳ್ಳಿ. ಅವನ ಪ್ರಶ್ನೆಗೆ ‘ಆರ್‌ಟಿಐ ಹಾಕ್ಕೊಳ್ಳಿ’ ಎಂಬ ಉತ್ತರ ಬಂದರೆ, ಎದ್ದು ನಿಂತು ಅದೇ ಪ್ರಶ್ನೆಯನ್ನು ನೀವು ಇನ್ನೊಮ್ಮೆ ಕೇಳಿ.